ಸೈಕಲ್ ದಾರಿಗಳನ್ನು ಉಳಿಸಿಕೊಳ್ಳೋಣ: ಅಗಲೀಕರಣದ ಬಗ್ಗೆ ಒಂದು ತಕರಾರು



ಕಳೆದ ವಾರ ಬೆಳಗಿನ ಸೈಕಲ್ ಸವಾರಿಗೆ ಹೊರಟವನು ಮನೆಯಿಂದ ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಕೆಳಗಿಳಿದು ನಿಂತುಬಿಟ್ಟೆ. ರಸ್ತೆಯ ಎಡಬಲದ ಮರಗಳ ತೊಗಟೆಯನ್ನು ಅಂಗೈಯಗಲ ಕೆತ್ತಿ, ಅದರ ಮೇಲೆ ಬಣ್ಣದಿಂದ ಅಂಕಿಗಳನ್ನು ಬರೆದಿದ್ದರು. ಮೂವತ್ತನಾಲ್ಕು ವರ್ಷ ಹಾಜರಿ ಪುಸ್ತಕ ಹಿಡಿದವನಿಗೆ ಅಂಕಿಗಳ ಸಾಲು ಕಂಡರೆ ಎಣಿಸದೆ ಇರಲಾಗದು. ಒಂದನೆಯ ಸಂಖ್ಯೆ ಒಂದು ಹಳೆಯ ಧೂಪದ ಮರ. ಹದಿನೇಳು, ಬಸ್ಸಿಗೆ ಕಾಯುವವರಿಗೆ ನೆರಳಾಗಿದ್ದ ಹಲಸು. ನಲವತ್ತೆರಡು, ಪ್ರತಿವರ್ಷ ಮಕ್ಕಳ ನಾಲಗೆಗೆ ನೇರಳೆ ಬಣ್ಣ ಹಚ್ಚುತ್ತಿದ್ದ ನೇರಲೆ. ನೂರ ಎಂಬತ್ತಾರರವರೆಗೆ ಎಣಿಸಿ ಸಾಕೆನಿಸಿ ಹಿಂದಿರುಗಿದೆ. ನಾನು ಕೂಗುತ್ತಿದ್ದ ಹಾಜರಿಗೆ ಮಕ್ಕಳು ‘ಎಸ್ ಸರ್’ ಎನ್ನುತ್ತಿದ್ದರು. ಈ ಹಾಜರಿ ಕೂಗುವುದು ಇವರನ್ನೆಲ್ಲ ಕೊನೆಯ ಬಾರಿಗೆ ಕರೆಯುವುದಕ್ಕೆ.

ವಿಷಯ ಇಷ್ಟೆ. ತುಂಗಾ ನದಿಗೆ ಹೊಂದಿಕೊಂಡು, ಎರಡು ಗುಡ್ಡಗಳನ್ನು ಬಳಸಿ ಸಾಗುವ ನಮ್ಮ ಹನ್ನೆರಡು ಕಿಲೋಮೀಟರಿನ ಒಳರಸ್ತೆಯನ್ನು ಅಗಲ ಮಾಡುತ್ತಾರಂತೆ. ಈಗ ಅದು ಒಂದೇ ವಾಹನ ಸಾಗುವ 3.75 ಮೀಟರಿನ ಡಾಂಬರು ರಸ್ತೆ. ಇನ್ನು ಮುಂದೆ ಏಳು ಮೀಟರಿನ ಜೋಡಿಪಥವಾಗುತ್ತದೆ. ಊರಿನಲ್ಲಿ ಬಹುಮಂದಿಗೆ ಸಂತೋಷವಾಗಿದೆ. ಸಂತೋಷವಾಗದ ಕೆಲವರಲ್ಲಿ ನಾನೊಬ್ಬ. ‘ಪಿಂಚಣಿ ಬರುತ್ತದೆ, ಒಂದು ಕಾರು ತೆಗೆದುಕೊಳ್ಳುವುದು ಬಿಟ್ಟು ಮೇಷ್ಟ್ರು ಸೈಕಲ್ಲಿಗಾಗಿ ಊರಿನ ಅಭಿವೃದ್ಧಿಗೆ ಅಡ್ಡಗಾಲು ಹಾಕುತ್ತಿದ್ದಾರೆ’ ಎಂಬ ಮಾತು ಹಾಲಿನ ಡೈರಿಯ ಕಟ್ಟೆಯಿಂದ ನನ್ನ ಕಿವಿಗೂ ಬಿದ್ದಿದೆ. ಆದ್ದರಿಂದ ನನ್ನ ತಕರಾರು ಏನೆಂಬುದನ್ನು ಬರವಣಿಗೆಯಲ್ಲೇ ಇಡುತ್ತೇನೆ. ಒಪ್ಪದವರು ಲೆಕ್ಕ ತಿದ್ದಲಿ.

ಮೊದಲು ನನ್ನ ತಪ್ಪೊಪ್ಪಿಗೆ. ಈ ರಸ್ತೆಗೆ ಡಾಂಬರು ಬೇಕೆಂದು ತೊಂಬತ್ತರ ದಶಕದಲ್ಲಿ ಊರವರು ಸಲ್ಲಿಸಿದ ಮನವಿ ನನ್ನ ಕೈಬರಹದ್ದು. ಆರಿದ್ರಾ ಮಳೆ ಹಿಡಿದರೆ ಎರಡು ತಿಂಗಳು ಬಸ್ಸು ಬರುತ್ತಿರಲಿಲ್ಲ. ಬಸುರಿ ಹೆಂಗಸೊಬ್ಬಳನ್ನು ಕಂಬಳಿಯ ಜೋಲಿಯಲ್ಲಿ ಮಲಗಿಸಿ ಕೆಸರಿನಲ್ಲಿ ಆರು ಕಿಲೋಮೀಟರ್ ಹೊತ್ತವರಲ್ಲಿ ನಾನೂ ಇದ್ದೆ. ರಸ್ತೆಯಿಲ್ಲದ ಮಲೆನಾಡನ್ನು ಕಂಡವನು ರಸ್ತೆಯೇ ಬೇಡವೆನ್ನಲಾರ. ಪಟ್ಟಣದಲ್ಲಿ ಕುಳಿತು ‘ಹಳ್ಳಿ ಇದ್ದ ಹಾಗೇ ಇರಲಿ, ಚೆನ್ನ’ ಎನ್ನುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ. ಡಾಂಬರು ಹಾಕಿದ ದಿನ ನಾನೂ ಪಾಯಸ ಉಂಡಿದ್ದೇನೆ. ಆದರೆ ಕೆಸರನ್ನು ರಸ್ತೆ ಮಾಡುವುದು ಬೇರೆ, ಸಾಕಾಗುವ ರಸ್ತೆಯನ್ನು ಹೆದ್ದಾರಿ ಮಾಡುವುದು ಬೇರೆ. ಮೊದಲನೆಯದು ಊರವರಿಗಾಗಿ. ಎರಡನೆಯದು ಊರನ್ನು ಹಾದುಹೋಗುವವರಿಗಾಗಿ. ಈ ಭೇದವನ್ನು ಮರೆತದ್ದೇ ನಮ್ಮ ಕಾಲದ ದೊಡ್ಡ ದೋಷವೆಂದು ನನ್ನ ಅಭಿಪ್ರಾಯ.

ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ್ದು 1984ರಲ್ಲಿ. ಮೊದಲ ಸಂಬಳಗಳಲ್ಲಿ ಉಳಿಸಿದ ಹಣದಿಂದ ಕೊಂಡದ್ದು ಕಪ್ಪು ಬಣ್ಣದ ಒಂದು ಅಟ್ಲಾಸ್ ಸೈಕಲ್. (ಆ ಕಂಪನಿಯ ಕೊನೆಯ ಕಾರ್ಖಾನೆ 2020ರ ಜೂನ್ 3ರಂದು ಬಾಗಿಲು ಹಾಕಿತು. ಅದು ವಿಶ್ವಸಂಸ್ಥೆ ಸಾರಿದ ವಿಶ್ವ ಬೈಸಿಕಲ್ ದಿನವೂ ಹೌದು!) ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ನೆನಪಿರಬಹುದು, ಆ ಕಾಲದ ಹಳ್ಳಿಗರ ಬಾಯಲ್ಲಿ ಬೈಸಿಕಲ್ಲು ‘ಬೀಸೆಕಲ್ಲು’ ಆಗಿತ್ತು. ಏರಿನಲ್ಲಿ ತಳ್ಳುವಾಗ ನನಗೂ ಅದು ಬೀಸುವ ಕಲ್ಲೇ ಅನ್ನಿಸಿದ್ದುಂಟು. ಮಲೆನಾಡಿನಲ್ಲಿ ಸೈಕಲ್ ಹೊಡೆಯುವುದೆಂದರೆ ಅರ್ಧ ದಾರಿ ಸೈಕಲ್ಲು ನಮ್ಮನ್ನು ಹೊರುವುದು, ಅರ್ಧ ದಾರಿ ನಾವು ಸೈಕಲ್ಲನ್ನು ತಳ್ಳುವುದು. ಆದರೂ ಆ ನಿಧಾನದಲ್ಲಿ ನನಗೆ ಸಿಕ್ಕಿದ್ದು ಯಾವ ವಾಹನದಲ್ಲೂ ಸಿಕ್ಕಿಲ್ಲ.

ತೀರ್ಥಹಳ್ಳಿಯಿಂದ ಕೊಪ್ಪದ ಕಡೆ ಹೋಗಿ, ಗಡಿಕಲ್ಲಿನಲ್ಲಿ ಕುಪ್ಪಳಿಗೆ ತಿರುಗುವ ದಾರಿಯನ್ನು ಡಿಸೆಂಬರಿನ ಬೆಳಗು ಏಳು ಗಂಟೆಗೆ ಒಮ್ಮೆ ಸೈಕಲ್ಲಿನಲ್ಲಿ ಹೋಗಿ ನೋಡಿ. ಮಂಜು ಮರದಿಂದ ಮರಕ್ಕೆ ತೊಟ್ಟಿಕ್ಕುವ ಸದ್ದು ಕೇಳಿಸುತ್ತದೆ. ಚಿಬ್ಬಲಗುಡ್ಡೆಯ ಕಡೆ ಹೋದರೆ, ತುಂಗೆಯ ಮಡುವಿನಲ್ಲಿ ದೇವರ ಮೀನುಗಳೆಂದು ಜನ ಕಾಪಾಡಿಕೊಂಡು ಬಂದ ಮೀನಿನ ಹಿಂಡನ್ನು ಕಾಣಬಹುದು. ಶೃಂಗೇರಿಯಿಂದ ಜಯಪುರದ ಮೇಲೆ ಬಾಳೆಹೊನ್ನೂರಿಗೆ ಹೋಗುವ ದಾರಿಯಂತೂ ನನ್ನ ಪಾಲಿಗೆ ಒಂದು ಪಾಠವೇ. ಹೊರಡುವಾಗ ತುಂಗೆ, ತಲುಪುವಾಗ ಭದ್ರೆ. ಎರಡೂ ಹುಟ್ಟುವುದು ಗಂಗಾಮೂಲದಲ್ಲಿ. ಬೇರೆ ಬೇರೆ ಕಣಿವೆಗಳಲ್ಲಿ ಹರಿದು ಕೊನೆಗೆ ಶಿವಮೊಗ್ಗದ ಬಳಿ ಕೂಡಲಿಯಲ್ಲಿ ಒಂದಾಗುತ್ತವೆ. ಆ ಎರಡು ಕಣಿವೆಗಳ ನಡುವಿನ ಏರನ್ನು 1996ರ ಚಳಿಗಾಲದಲ್ಲಿ ಒಂಬತ್ತನೆಯ ತರಗತಿಯ ಹನ್ನೊಂದು ಹುಡುಗರೊಂದಿಗೆ ಸೈಕಲ್ಲಿನಲ್ಲಿ ದಾಟಿದ್ದೆ. ಏರಿನ ನೆತ್ತಿಯಲ್ಲಿ ಏದುಸಿರು ಬಿಡುತ್ತಾ ನಿಂತಾಗ ಒಬ್ಬ ಹುಡುಗ, ‘ಸಾರ್, ಇಲ್ಲಿ ಬಿದ್ದ ಮಳೆಯಲ್ಲಿ ಅರ್ಧ ಆ ಕಡೆ, ಅರ್ಧ ಈ ಕಡೆ ಹೋಗುತ್ತಾ?’ ಎಂದು ಕೇಳಿದ. ಜಲವಿಭಾಜಕ ಎಂಬ ಪದವನ್ನು ನಾನು ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ಬರೆದಿದ್ದೆ. ಒಬ್ಬನೂ ಈ ಪ್ರಶ್ನೆ ಕೇಳಿರಲಿಲ್ಲ. ಬಸ್ಸಿನಲ್ಲಿ ಹೋಗಿದ್ದರೆ ಆ ಹುಡುಗನೂ ಕೇಳುತ್ತಿರಲಿಲ್ಲ. ಏರು ಯಾವುದು, ಇಳಿಜಾರು ಯಾವುದು ಎಂಬುದು ಕಾಲಿಗೆ ತಿಳಿದ ಮೇಲೆ ತಲೆಗೆ ತಿಳಿಯುತ್ತದೆ.

ಇಂತಹ ಸುಖಕ್ಕಾಗಿ ಮಾತ್ರ ರಸ್ತೆ ಉಳಿಸಿ ಎಂದರೆ ನನ್ನನ್ನು ಸ್ವಾರ್ಥಿ ಎನ್ನಿ. ಆದರೆ ಇನ್ನೂ ಮೂರು ವಿಷಯಗಳಿವೆ.

ಒಂದನೆಯದು ಮಕ್ಕಳ ವಿಷಯ. ನಮ್ಮ ರಾಜ್ಯ ಸರ್ಕಾರ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಆ ಸೈಕಲ್ಲುಗಳ ಬಗ್ಗೆ ಟೀಕೆಗಳಿದ್ದವು, ಬಿಡಿ. ನಟ್ಟು ಬಿಗಿ ಮಾಡಿಸಲು ನಾವು ಮೇಷ್ಟ್ರುಗಳೇ ಸ್ಪಾನರ್ ಹಿಡಿದು ಕೂತದ್ದುಂಟು. ಆದರೆ ಸಂಜೆ ನಾಲ್ಕೂವರೆಗೆ ಶಾಲೆ ಬಿಟ್ಟೊಡನೆ ಹುಡುಗಿಯರ ಸಾಲು ಗಂಟೆ ಬಾರಿಸುತ್ತಾ ಕಾಡಿನ ತಿರುವಿನಲ್ಲಿ ಮರೆಯಾಗುವುದನ್ನು ನೋಡಿದವನಿಗೆ ಆ ಟೀಕೆಗಳೆಲ್ಲ ಸಣ್ಣವು. ಏಳು ಕಿಲೋಮೀಟರ್ ನಡೆಯಬೇಕೆಂಬ ಕಾರಣಕ್ಕೆ ಏಳನೆಯ ತರಗತಿಗೇ ಓದು ಬಿಡುತ್ತಿದ್ದವರು ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯೋಜನೆ 2020ರ ಕೊರೋನಾ ಕಾಲದಲ್ಲಿ ನಿಂತಿತು. ಆದರೆ ಅದಕ್ಕೂ ಮೊದಲೇ ನಮ್ಮಲ್ಲಿ ಸೈಕಲ್ಲುಗಳು ಜಗಲಿಯ ಮೂಲೆ ಸೇರತೊಡಗಿದ್ದವು. ಕಾರಣ ಕೇಳಿದರೆ ತಾಯಂದಿರೆಲ್ಲರದೂ ಒಂದೇ ಉತ್ತರ: ‘ಮೇಷ್ಟ್ರೇ, ಶನಿವಾರ ಭಾನುವಾರ ಕಾರುಗಳು ಹೇಗೆ ಬರುತ್ತವೆ ನೋಡಿದ್ದೀರಾ? ಹೆಣ್ಣುಮಗುವನ್ನು ಹೇಗೆ ಕಳಿಸುವುದು?’ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಯಲ್ಲಿ ಅವಳ ಕಾಲದ ಸರ್ಕಾರಿ ಸೈಕಲ್ಲಿನ ಮೇಲೆ ಈಗ ತೊಂಡೆಬಳ್ಳಿ ಹಬ್ಬಿದೆ. ಅವಳ ಮಗಳು ತಿಂಗಳಿಗಿಷ್ಟು ಎಂದು ಹಣ ತೆತ್ತು ವ್ಯಾನಿನಲ್ಲಿ ಹೋಗುತ್ತಾಳೆ. ಹಣ ತೆರಲಾಗದ ಮನೆಯ ಮಗು ಮತ್ತೆ ನಡೆಯುತ್ತದೆ, ಅದೂ ಕಾರುಗಳ ನಡುವೆ. ಇಪ್ಪತ್ತು ವರ್ಷಗಳಲ್ಲಿ ನಾವು ಮುಂದೆ ಬಂದದ್ದು ಎಲ್ಲಿಗೆ?

ಇದು ಕಿರಿದಾದ ರಸ್ತೆಯಲ್ಲಿನ ಪರಿಸ್ಥಿತಿ. ಅಗಲವಾದ ಮೇಲೆ? ಇಲ್ಲಿ ನಾನು ವಿಜ್ಞಾನದ ಮೇಷ್ಟ್ರಾಗಿ ಒಂದು ಮಾತು ಹೇಳಲೇಬೇಕು. ಚಲಿಸುವ ವಸ್ತುವಿನ ಚಲನಶಕ್ತಿ ಅದರ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಮೂವತ್ತು ಕಿಲೋಮೀಟರ್ ವೇಗದ ಕಾರು ಅರವತ್ತಕ್ಕೆ ಏರಿದರೆ ಅದರ ಹೊಡೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಗಂಟೆಗೆ 30 ಕಿಲೋಮೀಟರ್ ಅಥವಾ ಅದಕ್ಕೂ ಕಡಿಮೆ ವೇಗದ ವಾಹನ ಬಡಿದರೆ ಪಾದಚಾರಿ ಬದುಕುವ ಸಂಭವ ನೂರಕ್ಕೆ ತೊಂಬತ್ತರಷ್ಟಿರುತ್ತದೆ, 45 ದಾಟಿದರೆ ಐವತ್ತಕ್ಕೂ ಕೆಳಗಿಳಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2004ರ ವರದಿ ಹೇಳಿತ್ತು. ಇಂದು ನಮ್ಮ ರಸ್ತೆಯ ತಿರುವುಗಳೂ ಇಕ್ಕಟ್ಟೂ ಸೇರಿ ಯಾವ ಪೊಲೀಸನೂ ಇಲ್ಲದೆ ವೇಗವನ್ನು ಹಿಡಿದಿಟ್ಟಿವೆ. ಎದುರಿಗೆ ಏನು ಬರುತ್ತದೋ ಎಂಬ ಅಳುಕೇ ಚಾಲಕನ ಕಾಲನ್ನು ಬ್ರೇಕಿನ ಮೇಲೆ ಇಡಿಸುತ್ತದೆ. ತಿರುವನ್ನು ನೇರ ಮಾಡಿ ದಾರಿಯನ್ನು ಅಗಲಿಸಿದ ದಿನ ಆ ಅಳುಕು ಹೋಗುತ್ತದೆ. ಅಲ್ಲಿಂದಾಚೆ ಅಳುಕುವ ಸರದಿ ಸೈಕಲ್ಲಿನ ಮಗುವಿನದು.

ಎರಡನೆಯದು ಗುಡ್ಡದ ವಿಷಯ. ಲೆಕ್ಕ ಮಾಡೋಣ. ಮೂರೂಕಾಲು ಮೀಟರ್ ಹೆಚ್ಚುವರಿ ಅಗಲ, ಹನ್ನೆರಡು ಸಾವಿರ ಮೀಟರ್ ಉದ್ದ. ಒಟ್ಟು 39,000 ಚದರ ಮೀಟರ್, ಅಂದರೆ ಒಂಬತ್ತೂವರೆ ಎಕರೆಗೂ ಹೆಚ್ಚು. ಇದು ಡಾಂಬರಿನ ಲೆಕ್ಕ ಮಾತ್ರ. ಅದಕ್ಕಾಗಿ ಕಡಿಯುವ ದರೆ, ತೋಡುವ ಚರಂಡಿ, ಕೆಳಗಿನ ಗದ್ದೆಗೆ ಸುರಿಯುವ ಮಣ್ಣು ಇದರಲ್ಲಿ ಸೇರಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ದಿನವೊಂದಕ್ಕೆ ನೂರು ಮಿಲಿಮೀಟರ್ ಮಳೆ ಬೀಳುವುದು ಅಚ್ಚರಿಯೇನಲ್ಲ. ಅಂತಹ ಒಂದು ದಿನ ಈ ಹೆಚ್ಚುವರಿ ಡಾಂಬರಿನ ಮೇಲೆ ಬೀಳುವ ನೀರೇ 39 ಲಕ್ಷ ಲೀಟರ್. ಇಷ್ಟು ದಿನ ಅದನ್ನು ದರಗೆಲೆಯೂ ಬೇರುಗಳೂ ತಡೆದು, ನಿಧಾನವಾಗಿ ನೆಲಕ್ಕಿಳಿಸಿ, ಬೇಸಗೆಯಲ್ಲಿ ಒರತೆಯಾಗಿ ತೋಟಕ್ಕೆ ಕೊಡುತ್ತಿದ್ದವು. ಇನ್ನು ಅದು ಒಂದೇ ಉಸಿರಿಗೆ ಇಳಿಜಾರು ಹಿಡಿದು ಓಡುತ್ತದೆ. ಬುಡ ಕಡಿಸಿಕೊಂಡು ಲಂಬವಾಗಿ ನಿಂತ ದರೆಯ ಮಣ್ಣಿನೊಳಕ್ಕೆ ನೀರಿಳಿದರೆ ಏನಾಗುತ್ತದೆಂಬುದನ್ನು ಹೇಳಲು ಎಂಜಿನಿಯರೇ ಬೇಕಿಲ್ಲ.

2019ರ ಆಗಸ್ಟಿನ ಮಳೆಗೆ ಚಾರ್ಮಾಡಿ ಘಾಟಿ ಹಲವೆಡೆ ಕುಸಿದು ತಿಂಗಳುಗಟ್ಟಲೆ ಸಂಚಾರ ನಿಂತದ್ದು ನಿಮಗೆ ನೆನಪಿರಬೇಕು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದಿದ್ದ ಗುಡ್ಡ ಜಾರಿ, ರಸ್ತೆಯನ್ನು ದಾಟಿ ಗಂಗಾವಳಿ ನದಿಗೆ ಬಿತ್ತು. ರಸ್ತೆ ಬದಿಯಲ್ಲಿ ಚಹಾ ಮಾರುತ್ತಿದ್ದ ಕುಟುಂಬವೂ ಲಾರಿಗಳೂ ಅದರೊಡನೆ ಹೋದವು. ಬೆಟ್ಟ ಅಗೆದು ಇಲಿ ಹಿಡಿದರು ಎಂದು ಹಿಂದೆ ನಗೆಯಾಡುತ್ತಿದ್ದೆವು. ಈಗ ಬೆಟ್ಟ ಅಗೆದು ಹೆಣ ಹುಡುಕುವ ಕಾಲ ಬಂದಿದೆ. ಕುದುರೆಮುಖ, ಸೋಮೇಶ್ವರ, ಆಗುಂಬೆಯ ಕಾಡುಗಳನ್ನು ಒಳಗೊಂಡ ಪಶ್ಚಿಮ ಘಟ್ಟದ ತಾಣಗಳನ್ನು ಯುನೆಸ್ಕೋ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಜಗತ್ತು ಕಾಪಾಡಿ ಎಂದ ಬೆಟ್ಟಗಳ ಮಡಿಲಲ್ಲೇ ಕೂತು ನಾವು ಜೆಸಿಬಿಗೆ ಪೂಜೆ ಮಾಡುತ್ತಿದ್ದೇವೆ.

ಮೂರನೆಯದು ಎದುರು ಪಕ್ಷದ ಬಲವಾದ ವಾದ. ಅದನ್ನು ನಾನು ತಪ್ಪಿಸಿಕೊಳ್ಳಬಾರದು. ‘ಆಂಬುಲೆನ್ಸ್ ಬರಬೇಡವೇ?’ ಎಂದು ಕೇಳುತ್ತಾರೆ. ಕಂಬಳಿಯ ಜೋಲಿ ಹೊತ್ತವನಿಗೆ ಈ ಪ್ರಶ್ನೆ ತಾಗದೆ ಇರುತ್ತದೆಯೇ? ಬರಲೇಬೇಕು. ಆದರೆ ಇಲ್ಲಿಯೂ ಲೆಕ್ಕ ಮಾಡಿ. ಹನ್ನೆರಡು ಕಿಲೋಮೀಟರಿಗೆ ನಲವತ್ತರ ವೇಗದಲ್ಲಿ ಹದಿನೆಂಟು ನಿಮಿಷ, ಅರವತ್ತರ ವೇಗದಲ್ಲಿ ಹನ್ನೆರಡು ನಿಮಿಷ. ಉಳಿಯುವುದು ಆರು ನಿಮಿಷ. ಆರು ನಿಮಿಷಕ್ಕೂ ಬೆಲೆಯಿದೆ, ಅಲ್ಲಗಳೆಯುವುದಿಲ್ಲ. ಆದರೆ ಕಳೆದ ವರ್ಷ ನಮ್ಮ ನೆರೆಯವರಿಗೆ ಎದೆನೋವು ಬಂದಾಗ ಫೋನ್ ಮಾಡಿ ವಾಹನ ಬಾಗಿಲಿಗೆ ಬರುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ವಾಹನ ಬೇರೆ ಊರಿಗೆ ಹೋಗಿತ್ತು. ತಲುಪಿದ ಆಸ್ಪತ್ರೆಯಲ್ಲಿ ಹೃದಯದ ತಜ್ಞರಿಲ್ಲವೆಂದು ಮುಂದಿನ ಊರಿಗೆ ಕಳಿಸಿದರು. ಆ ರಾತ್ರಿ ಕಳೆದುಹೋದ ಹೊತ್ತಿನಲ್ಲಿ ರಸ್ತೆಯ ಇಕ್ಕಟ್ಟಿನ ಪಾಲು ಎಷ್ಟು? ಹೋಬಳಿಯಲ್ಲೇ ಒಂದು ಆಂಬುಲೆನ್ಸ್ ನಿಲ್ಲಿಸಿದರೆ, ಆಸ್ಪತ್ರೆಗೊಬ್ಬ ವೈದ್ಯರನ್ನು ಕೊಟ್ಟರೆ ಉಳಿಯುವುದು ಆರು ನಿಮಿಷವಲ್ಲ, ಗಂಟೆಗಳು. ಅದನ್ನು ಕೇಳಲು ಯಾವ ಮರವನ್ನೂ ಕಡಿಯಬೇಕಿಲ್ಲ. ಆದರೆ ವೈದ್ಯರ ನೇಮಕಕ್ಕೆ ಗುತ್ತಿಗೆ ಹಿಡಿಯಲು ಬರುವುದಿಲ್ಲವಲ್ಲ!

ಎದುರಿನಿಂದ ವಾಹನ ಬಂದರೆ ತೊಂದರೆಯಾಗುತ್ತದೆ ಎನ್ನುವುದೂ ನಿಜವೇ. ಅದಕ್ಕೆ ಇಡೀ ಹನ್ನೆರಡು ಕಿಲೋಮೀಟರನ್ನು ಅಗಲಿಸಬೇಕಿಲ್ಲ. ಮರವಿಲ್ಲದ, ದರೆಯಿಲ್ಲದ ಜಾಗ ನೋಡಿ ಅಲ್ಲಲ್ಲಿ ಒಂದು ವಾಹನ ಬದಿಗೆ ಸರಿದು ನಿಲ್ಲುವಷ್ಟು ಎಡೆ ಮಾಡಿದರೆ ಸಾಕು. ಮುಂಗಾರಿಗೆ ಮುನ್ನ ಚರಂಡಿ ಬಿಡಿಸಿ, ಮೋರಿಗಳ ಕಸ ತೆಗೆದು, ಗುಂಡಿ ಮುಚ್ಚಿದರೆ ಸಾಕು. ಶಾಲೆಯ ಎರಡೂ ಬದಿಗೆ ಉಬ್ಬು ಹಾಕಿ, ಉದ್ದಕ್ಕೂ ಮೂವತ್ತರ ವೇಗಮಿತಿ ತಂದರೆ ಸಾಕು. ಆಂಬುಲೆನ್ಸಿಗೆ ಆ ಮಿತಿ ಬೇಡ, ಅದಕ್ಕೆ ನಾವೆಲ್ಲ ಬದಿಗೆ ಸರಿಯುತ್ತೇವೆ. ಇದು ನನ್ನ ತಲೆಯಲ್ಲಿ ಹುಟ್ಟಿದ ವಿಚಿತ್ರ ಬೇಡಿಕೆಯೇನೂ ಅಲ್ಲ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಭಾರಿ ವಾಹನಗಳಿಗೆ ಬಹುಕಾಲದಿಂದ ನಿರ್ಬಂಧವಿದೆ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಾಮಾನ್ಯ ವಾಹನ ಸಂಚಾರಕ್ಕೆ ತಡೆಯಿದೆ. ಕಾಡುಪ್ರಾಣಿಗಾಗಿ ಒಂದು ರಸ್ತೆಯನ್ನು ರಾತ್ರಿಯಿಡೀ ಸುಮ್ಮನಿರಿಸಬಲ್ಲ ನಾಡು, ಶಾಲೆಯ ಮಗುವಿಗಾಗಿ ಒಂದು ರಸ್ತೆಯನ್ನು ಹಗಲು ನಿಧಾನವಾಗಿರಿಸಲಾರದೇ? ಇಂಗ್ಲೆಂಡಿನಲ್ಲಿ 2000ದ ಸಾರಿಗೆ ಕಾಯಿದೆಯು ಹಳ್ಳಿಗಾಡಿನ ಕಿರುದಾರಿಗಳನ್ನು ‘ಪ್ರಶಾಂತ ದಾರಿ’ ಎಂದು ಘೋಷಿಸುವ ಅಧಿಕಾರವನ್ನು ಸ್ಥಳೀಯ ಆಡಳಿತಕ್ಕೆ ಕೊಟ್ಟಿದೆ. ಕಾರು ಕಟ್ಟಿ ಮಾರಿದ ದೇಶವೇ ಅಂತಹ ಕಾನೂನು ಮಾಡಿಕೊಂಡಿತೆಂಬುದನ್ನು ಗಮನಿಸಿ.

ಇನ್ನು ಬೆಂಗಳೂರಿನಿಂದ ದುಬಾರಿ ಸೈಕಲ್ಲುಗಳೊಂದಿಗೆ ಬರುವ ತರುಣರಿಗೆ ಎರಡು ಮಾತು. ನೀವು ಬರುವುದು ನನಗೆ ಸಂತೋಷವೇ. ಹಿಂದಿನ ವರ್ಷ ಚಕ್ರ ಪಂಕ್ಚರಾಗಿ ನಮ್ಮ ಜಗಲಿಯಲ್ಲಿ ಕೂತು ಕಾಫಿ ಕುಡಿದ ಹುಡುಗನೊಬ್ಬ, ‘ಸರ್, ಇಂಥಾ ರಸ್ತೆ ಇಲ್ಲಿ ಇದೆ ಅಂತ ಯಾರಿಗೂ ಗೊತ್ತೇ ಇಲ್ಲ’ ಎಂದ. ಮರುತಿಂಗಳು ಎಲ್ಲರಿಗೂ ಗೊತ್ತಾಗಿತ್ತು. ಅವನು ತೆಗೆದ ಚಿತ್ರ, ದಾರಿಯ ನಕ್ಷೆ ಎಲ್ಲರ ಫೋನಿಗೂ ಹರಿದಿತ್ತು. ಅವನ ಹಿಂದೆ ಬಂದದ್ದು ಸೈಕಲ್ಲುಗಳಲ್ಲ, ಜೀಪುಗಳ ಸಾಲು. ತಪ್ಪು ಅವನದೊಬ್ಬನದೇ ಅಲ್ಲ. ಕೋಣೆಗಳನ್ನು ಕಟ್ಟಿ ಅವರನ್ನು ಕರೆದವರು ನಮ್ಮವರೇ. ಆದರೆ ಒಂದು ದಾರಿಯ ಮೌನವನ್ನು ಉಂಡವರು ಆ ಮೌನಕ್ಕೆ ಋಣಿಗಳು. ಚಿತ್ರ ಹಂಚುವಾಗ ತೋರುವ ಉತ್ಸಾಹವನ್ನು ಒಂದು ತಕರಾರು ಅರ್ಜಿ ಬರೆಯುವುದರಲ್ಲೂ ತೋರಿಸಿ. ನಿಮ್ಮ ಸೈಕಲ್ಲಿನ ಬೆಲೆ ನನ್ನ ಮೊದಲ ವರ್ಷದ ಸಂಬಳದ ಹತ್ತಾರು ಪಟ್ಟು ಇರಬಹುದು. ಅಂಚೆಗೆ ಅಷ್ಟೇನೂ ಖರ್ಚಾಗದು.

ಹೌದು, ಅರ್ಜಿ. ಐವತ್ತಕ್ಕಿಂತ ಹೆಚ್ಚು ಮರಗಳನ್ನು ಕಡಿಯುವ ಪ್ರಸ್ತಾಪವಿದ್ದರೆ ಸಾರ್ವಜನಿಕರ ಆಕ್ಷೇಪಣೆಗಳನ್ನು ಆಹ್ವಾನಿಸಬೇಕೆಂಬ ನಿಯಮ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಲ್ಲಿ ಸೇರಿದೆ. ನಮ್ಮಲ್ಲಿ ನೂರ ಎಂಬತ್ತಾರರಾಚೆಗೂ ಅಂಕಿಗಳಿವೆ. ನಾನು ನನ್ನ ಆಕ್ಷೇಪಣೆಯನ್ನು ಬರೆಯಲು ಕುಳಿತಿದ್ದೇನೆ. ಮೂವತ್ತು ವರ್ಷಗಳ ಹಿಂದೆ ಡಾಂಬರು ಬೇಕೆಂದು ಬರೆದ ಅದೇ ಕೈ, ಅದೇ ದುಂಡಕ್ಷರ. ಆಗ ನೂರಾರು ಸಹಿಗಳು ಒಂದೇ ಸಂಜೆಯಲ್ಲಿ ಬಿದ್ದಿದ್ದವು. ಈ ಬಾರಿ ಇಂದಿನವರೆಗೆ ಒಂಬತ್ತು. ಅವುಗಳಲ್ಲಿ ಐದು ನನ್ನ ಹಳೆಯ ವಿದ್ಯಾರ್ಥಿಗಳವು, ಒಂದು ನನ್ನ ಹೆಂಡತಿಯದು. ಒಂದು, ಮಗಳನ್ನು ವ್ಯಾನಿಗೆ ಹತ್ತಿಸುವ ಆ ತೊಂಡೆಬಳ್ಳಿಯ ಮನೆಯವಳದು. ಸಹಿ ಹಾಕಿ ಪೆನ್ನು ಹಿಂದಿರುಗಿಸುತ್ತಾ ಅವಳು, ‘ರಸ್ತೆ ಉಳಿದರೆ ಸೈಕಲ್ಲಿನ ಟೈರು ನೀವೇ ಹಾಕಿಸಿಕೊಡಬೇಕು, ಸಾರ್’ ಎಂದಳು.

ಹಾಕಿಸಿಕೊಡುತ್ತೇನೆಂದು ಮಾತು ಕೊಟ್ಟು ಬಂದಿದ್ದೇನೆ. ಒಂಬತ್ತನ್ನು ತೊಂಬತ್ತು ಮಾಡುವುದು ಈ ಭಾಗದ ಓದುಗರ ಕೈಯಲ್ಲಿದೆ. ಸಹಿ ಹಾಕಲು ಬರುವವರು ಸಂಜೆ ಐದರ ಮೇಲೆ ಮನೆಗೆ ಬನ್ನಿ. ಸೈಕಲ್ಲಿನಲ್ಲಿ ಬಂದವರಿಗೆ ಕಾಫಿಯ ಜೊತೆ ಹಲಸಿನ ಹಪ್ಪಳವೂ ಉಂಟು. ಹದಿನೇಳನೆಯ ನಂಬರಿನ ಮರದ್ದೇ ಹಣ್ಣು.